ಮೈನ್‌ಕ್ರಾಫ್ಟ್ ಶೇಡರ್ ತಿದ್ದುವವರಿಗೆ ಐರಿಸ್ ಕೈಪಿಡಿ: ಬಳಸಿ ನೋಡಿದವಳ ಅಭಿಪ್ರಾಯ

ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಆಟ ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿ ಜಾವಾ ಎಡಿಷನ್‌ನಲ್ಲಿ, ಬೆಳಕು ಬಣ್ಣ ಬದಲಿಸುವ ಶೇಡರ್ ಪ್ಯಾಕ್ ತಿದ್ದಿ, ನಿಮಗೆ ಬೇಕಾದ ಹಾಗೆ ಬಿಸಿಲು, ಮಳೆ, ನೀರು ತಂದುಕೊಳ್ಳಬೇಕು ಅಂತಿದ್ದರೆ ಮೊದಲು ತೆರೆಯಬೇಕಾದದ್ದು, ಆ ಪ್ಯಾಕ್‌ಗಳನ್ನು ಆಟದಲ್ಲಿ ಓಡಿಸುವ ಐರಿಸ್ ಯೋಜನೆಯ ಕೈಪಿಡಿ. ವಿಳಾಸ ಶೇಡರ್ಸ್ ಡಾಟ್ ಪ್ರಾಪರ್ಟೀಸ್. ದುಡ್ಡು ಕೊಡಬೇಕಾಗಿಲ್ಲ, ಲಾಗಿನ್ ಬೇಕಾಗಿಲ್ಲ. ಬಳಕೆದಾರರೇ ಸೇರಿ ಬರೆದು ಬೆಳೆಸುತ್ತಿರುವ ಕೈಪಿಡಿ ಇದು. ಇಂಥ ಕೆಲಸಗಳಲ್ಲಿ ಇಷ್ಟು ಅಚ್ಚುಕಟ್ಟು ನಾನು ಕಂಡಿದ್ದು ಕಡಿಮೆ. ಆದರೆ ಯಾರಿಗೆ ಎಷ್ಟು ಉಪಯೋಗ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೈಪಿಡಿ ಬರೆಯುವುದು ನನ್ನ ಕಸುಬು. ಊರು ಶಿರಸಿ ಕಡೆ. ಅಕ್ಕನ ಮಗ ಆಟದಲ್ಲಿ ಅಜ್ಜನ ಮನೆ ಕಟ್ಟಿದ್ದಾನೆ. ಜಂಬಿಟ್ಟಿಗೆ ಗೋಡೆ, ಅಂಗಳ, ಹಿಂದೆ ಅಡಿಕೆ ತೋಟ, ಬಚ್ಚಲಲ್ಲಿ ತಾಮ್ರದ ಹಂಡೆ, ಎಲ್ಲ ಇದೆ. ಮನೆ ಚೆನ್ನಾಗಿ ಬಂತು, ಆದರೆ ಬೆಳಕು ನಮ್ಮೂರಿನದಾಗಲಿಲ್ಲ. "ಚಿಕ್ಕಮ್ಮ, ಮಳೆ ಬರ್ತದೆ, ಆದ್ರೆ ಅಂಗಳ ಒದ್ದೆ ಆಗ್ತಾನೇ ಇಲ್ಲ ನೋಡು" ಅಂದ. ಅಲ್ಲಿಂದ ನಾನು ಇದರ ಬೆನ್ನು ಹತ್ತಿದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಶೇಡರ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಸಣ್ಣ ಪ್ರೋಗ್ರಾಂ. ತೆರೆಯ ಮೇಲೆ ಯಾವ ಚುಕ್ಕೆಗೆ ಯಾವ ಬಣ್ಣ ಅಂತ ಲೆಕ್ಕ ಹಾಕುವುದು ಅದರ ಕೆಲಸ. ಬರೆಯುವ ಭಾಷೆ ಜಿಎಲ್‌ಎಸ್‌ಎಲ್. ಇಂಥ ಹಲವಾರು ಪ್ರೋಗ್ರಾಂಗಳ ಕಟ್ಟೇ ಶೇಡರ್ ಪ್ಯಾಕ್. ಅದನ್ನು ಆಟಕ್ಕೆ ಜೋಡಿಸಿ ಓಡಿಸುವ ಮಾಡ್‌ಗಳಲ್ಲಿ, ಅಂದರೆ ಹೊರಗಿನವರು ಬರೆದ ಸೇರ್ಪಡೆಗಳಲ್ಲಿ, ಐರಿಸ್ ಒಂದು, ಆಪ್ಟಿಫೈನ್ ಇನ್ನೊಂದು. ಆಪ್ಟಿಫೈನ್ ಹಳೆಯದು. ಅದಕ್ಕೆ ಬರೆದ ಪ್ಯಾಕ್‌ಗಳು ತನ್ನಲ್ಲೂ ಓಡಬೇಕು ಅನ್ನುವುದು ಐರಿಸ್‌ನ ಗುರಿ. ಹಾಗಾಗಿ ಫೈಲ್‌ಗಳ ಹೆಸರು, ಒಳಗಿನ ನಿಯಮ ಬಹುಪಾಲು ಒಂದೇ. ಮೊಬೈಲ್‌ನಲ್ಲಿ ಬೆಡ್‌ರಾಕ್ ಎಡಿಷನ್ ಆಡುವವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಅಲ್ಲಿನ ವ್ಯವಸ್ಥೆಯೇ ಬೇರೆ.

ಐರಿಸ್ ಬರುವ ಮುಂಚೆ ಎಲ್ಲರ ಕೈಯಲ್ಲಿದ್ದದ್ದು ಆಪ್ಟಿಫೈನ್‌ನವರು ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟ ಸಾದಾ ಟೆಕ್ಸ್ಟ್ ಫೈಲ್‌ಗಳು. ಅವಕ್ಕೆ ನನ್ನ ಗೌರವ ಇದೆ. ಇಷ್ಟು ವರ್ಷ ಪ್ಯಾಕ್ ಬರೆದವರೆಲ್ಲ ಅದನ್ನೇ ಎದುರಿಗಿಟ್ಟುಕೊಂಡು ಬರೆದರು. ಎಲ್ಲ ಒಂದೇ ಕಡೆ ಇರುವುದರಿಂದ ಕಂಟ್ರೋಲ್ ಎಫ್ ಒತ್ತಿದರೆ ಬೇಕಾದ ಸಾಲು ಸಿಗುತ್ತದೆ. ಈಗಲೂ ನಾನು ಅದನ್ನು ತೆರೆದೇ ಇಟ್ಟಿರುತ್ತೇನೆ. ಆದರೆ ಅದು ಗೊತ್ತಿದ್ದವರಿಗೆ ನೆನಪು ಮಾಡಿಕೊಡುವ ಪಟ್ಟಿ. ಹೊಸಬರು ಅದನ್ನು ಮೇಲಿಂದ ಕೆಳಗೆ ಓದಿದರೆ ತಲೆ ತುಂಬ ಹೆಸರುಗಳಿರುತ್ತವೆ, ಕೆಲಸ ಎಲ್ಲಿ ಶುರು ಮಾಡಬೇಕು ಅನ್ನುವುದು ಮಾತ್ರ ತಿಳಿಯುವುದಿಲ್ಲ.

ಐರಿಸ್ ಕೈಪಿಡಿ ಗೆದ್ದಿರುವುದು ಇಲ್ಲೇ. ಕಲಿಯುವವರಿಗೆ ಬೇರೆ ವಿಭಾಗ, ಇಂಥ ಕೆಲಸ ಹೇಗೆ ಮಾಡುವುದು ಅಂತ ಕೇಳುವವರಿಗೆ ಬೇರೆ, ಹೆಸರು ಗೊತ್ತಿದ್ದು ವಿವರ ಮಾತ್ರ ಬೇಕಾದವರಿಗೆ ಬೇರೆ. ಕೇಳಿದರೆ ಇದೇನು ಮಹಾ ಅನ್ನಿಸಬಹುದು. ನಮ್ಮ ಕಸುಬಿನಲ್ಲಿ ದಿನಾ ನಡೆಯುವ ಜಗಳವೇ ಇದು. ಪಾಠ ಬರೆಯಲು ಕೂತವರು ಮಧ್ಯೆ ಪಟ್ಟಿ ತುರುಕುತ್ತಾರೆ, ಪಟ್ಟಿ ಮಾಡಲು ಕೂತವರು ಮಧ್ಯೆ ಪಾಠ ಶುರು ಮಾಡುತ್ತಾರೆ. ಕೊನೆಗೆ ಇಬ್ಬರು ಓದುಗರಿಗೂ ಸಿಟ್ಟು. ಬೇರೆ ಬೇರೆ ಜನ ಬಿಡುವಿನಲ್ಲಿ ಬರೆಯುವ ಕಡೆ ಈ ಶಿಸ್ತು ಕಾಯುವುದು ಸುಲಭವಲ್ಲ. ಪಾಠ ಹೇಳುವಾಗ ಅದು ಅವಸರ ಮಾಡುವುದಿಲ್ಲ. ಖಾಲಿ ಪ್ಯಾಕ್‌ನಿಂದ ಹೊರಟು ಬೆಳಕು ಹಾಕಿ, ನೆರಳು ತಂದು, ಆ ನೆರಳಿನ ಅಂಚು ಮೆತ್ತಗೆ ಮಾಡುವ ತನಕ ಕೈಹಿಡಿದು ನಡೆಸುತ್ತದೆ. ಪ್ರತಿ ಹೆಜ್ಜೆಯಲ್ಲೂ ತೆರೆಯ ಮೇಲೆ ಏನೋ ಒಂದು ಬದಲಾಗುತ್ತದೆ. ಕಲಿಯುವವರಿಗೆ ಅದಕ್ಕಿಂತ ದೊಡ್ಡ ಉತ್ಸಾಹ ಬೇರೆ ಬೇಡ.

ವಿವರಗಳ ವಿಭಾಗವನ್ನೂ ಯೋಚನೆ ಮಾಡಿ ಜೋಡಿಸಿದ್ದಾರೆ. ಪ್ರೋಗ್ರಾಂಗಳು ಒಂದು ಕಡೆ, ಲೆಕ್ಕದ ಫಲ ತಾತ್ಕಾಲಿಕವಾಗಿ ಇಡುವ ಬಫರ್‌ಗಳು ಒಂದು ಕಡೆ, ಯೂನಿಫಾರ್ಮ್‌ಗಳು ಒಂದು ಕಡೆ. ಯೂನಿಫಾರ್ಮ್ ಅಂದರೆ ಆಟ ಪ್ರತಿ ಫ್ರೇಮಿನಲ್ಲೂ ಶೇಡರ್‌ಗೆ ಕೊಡುವ ಸುದ್ದಿ. ಸೂರ್ಯ ಎಲ್ಲಿದ್ದಾನೆ, ಮಳೆ ಎಷ್ಟಿದೆ, ಆಟಗಾರನ ಕಣ್ಣು ನೀರೊಳಗಿದೆಯೋ ಹೊರಗಿದೆಯೋ ಅಂತ. ಇವನ್ನು ಅಕ್ಷರಮಾಲೆ ಪ್ರಕಾರ ಜೋಡಿಸಿಲ್ಲ. ಹವಾಮಾನಕ್ಕೆ ಸೇರಿದ್ದು, ಆಟಗಾರನಿಗೆ ಸೇರಿದ್ದು, ಕ್ಯಾಮೆರಾಗೆ ಸೇರಿದ್ದು ಅಂತ ಗುಂಪು ಮಾಡಿದ್ದಾರೆ. ಹೆಸರೇ ಗೊತ್ತಿಲ್ಲದಾಗ ಅಕ್ಷರಮಾಲೆ ಇಟ್ಟುಕೊಂಡು ಮಾಡುವುದೇನು, ಅಲ್ವಾ? ಮಳೆ ಬಗ್ಗೆ ಏನೇನಿದೆ ಅಂತ ನೋಡಲು ಹೋದವಳಿಗೆ ಮಳೆಯ ಸಂಗತಿಗಳು ಅಕ್ಕಪಕ್ಕದಲ್ಲೇ ಸಿಕ್ಕವು.

ಅಲ್ಲಿ ಸಿಕ್ಕಿದ್ದರಲ್ಲಿ ಎರಡು ಮುಖ್ಯ. ರೇನ್‌ಸ್ಟ್ರೆಂತ್ ಅನ್ನುವುದು ಈಗ ಮಳೆಯ ಜೋರು ಎಷ್ಟು ಅಂತ 0 ರಿಂದ 1 ರ ಒಳಗೆ ಹೇಳುತ್ತದೆ. ವೆಟ್‌ನೆಸ್ ಕೂಡ 0 ರಿಂದ 1, ಆದರೆ ಅದು ನಿಧಾನದ ಲೆಕ್ಕ. ಮಳೆ ಶುರುವಾದ ಮೇಲೆ ಮೆಲ್ಲಗೆ ಏರುತ್ತದೆ, ನಿಂತ ಮೇಲೆ ಮೆಲ್ಲಗೆ ಇಳಿಯುತ್ತದೆ. ಏರುವ ವೇಗಕ್ಕೆ ವೆಟ್‌ನೆಸ್ ಹಾಫ್‌ಲೈಫ್, ಇಳಿಯುವ ವೇಗಕ್ಕೆ ಡ್ರೈನೆಸ್ ಹಾಫ್‌ಲೈಫ್ ಅಂತ ಎರಡು ಸ್ಥಿರಾಂಕ ಇವೆ. ಪ್ಯಾಕ್‌ನಲ್ಲಿ ಏನೂ ಬರೆಯದಿದ್ದರೆ ಮೊದಲನೆಯದು 600, ಎರಡನೆಯದು 200. ಸಂಖ್ಯೆ ದೊಡ್ಡದಾದಷ್ಟೂ ವೇಗ ಕಡಿಮೆ. ಅಂದರೆ ಆಟದ ನೆಲ ಒದ್ದೆಯಾಗುವುದು ನಿಧಾನ, ಒಣಗುವುದು ಬೇಗ. ಮಲೆನಾಡಿನಲ್ಲಿ ಆಷಾಢದ ಮಳೆ ಕಂಡವರಿಗೆ ಇದು ತಲೆಕೆಳಗು ಅಂತ ತಕ್ಷಣ ಗೊತ್ತಾಗುತ್ತದೆ. ಒಂದು ಜಡಿ ಹೊಡೆದರೆ ಅಂಗಳ ಆಗಲೇ ಒದ್ದೆ. ಆಮೇಲೆ ಮಳೆ ನಿಂತು ಎಷ್ಟು ಹೊತ್ತಾದರೂ ಜಂಬಿಟ್ಟಿಗೆ ಒಣಗುವುದಿಲ್ಲ. ನಾನು ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಹಲವು ಪಟ್ಟು ಏರಿಸಿದೆ. ಪ್ಯಾಕ್‌ನ ಕೋಡ್‌ನಲ್ಲಿ ಅಂಗಳದ ಹೊಳಪು ರೇನ್‌ಸ್ಟ್ರೆಂತ್ ಹಿಡಿದುಕೊಂಡಿತ್ತು, ಅದನ್ನು ವೆಟ್‌ನೆಸ್‌ಗೆ ಬದಲಿಸಿದೆ. ಆರ್ ಒತ್ತಿದರೆ ಐರಿಸ್ ಆಟದೊಳಗೇ ಶೇಡರ್ ಮತ್ತೆ ಲೋಡ್ ಮಾಡುತ್ತದೆ, ಆಟ ಮುಚ್ಚಿ ತೆರೆಯುವ ಗೋಜಿಲ್ಲ. ಮಳೆ ನಿಂತ ಮೇಲೂ ಅಂಗಳದಲ್ಲಿ ಆಕಾಶದ ಬೂದು ಬಣ್ಣ ಹಾಗೇ ಹೊಳೆಯುತ್ತಿತ್ತು. ಹುಡುಗ ಕೂತಲ್ಲಿಂದ ಎದ್ದು ಬಂದು ನೋಡಿದ.

ಬಿಸಿಲಿನದು ಇನ್ನೂ ಸ್ವಾರಸ್ಯದ ವಿಷಯ. ಸನ್‌ಪಾತ್ ರೊಟೇಷನ್ ಅಂತ ಒಂದು ಸ್ಥಿರಾಂಕ ಇದೆ. ಸೂರ್ಯ ನಡೆಯುವ ದಾರಿಯನ್ನು ಎಷ್ಟು ಡಿಗ್ರಿ ಓರೆ ಮಾಡಬೇಕು ಅಂತ ಅದರಲ್ಲಿ ಹೇಳಬಹುದು. ಏನೂ ಬರೆಯದಿದ್ದರೆ 0, ಅಂದರೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ. ಹೆಸರಾಂತ ಪ್ಯಾಕ್‌ಗಳಲ್ಲಿ ಹಲವು ಇದನ್ನು -40 ಇಟ್ಟಿರುತ್ತವೆ, ನೆರಳು ಉದ್ದ ಬಿದ್ದರೆ ಚಿತ್ರ ಚಂದ ಕಾಣುತ್ತದೆ ಅಂತ. ಹಗಲು ಇರುಳು ಸಮ ಇರುವ ದಿನ ಯಾವುದೇ ಊರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಎಷ್ಟು ಓರೆಯೋ ಅದೇ ಆ ಊರಿನ ಅಕ್ಷಾಂಶ. 40 ಡಿಗ್ರಿ ಅಂದರೆ ಸ್ಪೇನಿನ ಮ್ಯಾಡ್ರಿಡ್ ಹತ್ತಿರದ ಬಿಸಿಲು. ಶಿರಸಿ ಇರುವುದು ಸುಮಾರು 14.6 ಡಿಗ್ರಿಯಲ್ಲಿ. 10 ಬ್ಲಾಕ್ ಎತ್ತರದ ಅಡಿಕೆ ಮರದ ಮಧ್ಯಾಹ್ನದ ನೆರಳು 40 ಡಿಗ್ರಿಯಲ್ಲಿ ಎಂಟು ಬ್ಲಾಕ್ ದಾಟುತ್ತದೆ, 14.6 ಡಿಗ್ರಿಯಲ್ಲಿ ಮೂರು ಬ್ಲಾಕ್ ಕೂಡ ಆಗುವುದಿಲ್ಲ. ಆ ಒಂದು ಸಂಖ್ಯೆ ಬದಲಿಸಿದ ಮೇಲೆ ತೋಟ ತೋಟದ ಹಾಗೆ ಕಂಡಿತು. ಮರದ ಬುಡದಲ್ಲೇ ಗುಂಡಗೆ ನೆರಳು, ನಡುವೆ ಸುರಿಯುವ ಬಿಸಿಲು. ಇಷ್ಟು ದಿನ ಬೆಳಕು ನಮ್ಮದಲ್ಲ ಅನ್ನಿಸುತ್ತಿದ್ದಕ್ಕೆ ಕಾರಣ ಇದೇ ಆಗಿತ್ತು.

ಇನ್ನು ಕೊರತೆಯ ಮಾತು.

ಈ ಕೈಪಿಡಿ ಪ್ಯಾಕ್ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಆದರೆ ನನ್ನಂಥವರು ಹೊಸ ಪ್ಯಾಕ್ ಬರೆಯಲು ಬಂದವರಲ್ಲ. ಯಾರೋ ಬರೆದ ಒಳ್ಳೆಯ ಪ್ಯಾಕ್ ಇದೆ, ಅದರಲ್ಲಿ ನಾಲ್ಕು ಸಾಲು ನಮಗೆ ಬೇಕಾದ ಹಾಗೆ ಬದಲಿಸಬೇಕು, ಅಷ್ಟೇ. ಅಂಥವರ ಮೊದಲ ಪ್ರಶ್ನೆಗಳೇ ಬೇರೆ. ಇಷ್ಟು ಫೈಲ್‌ಗಳಲ್ಲಿ ನೀರಿನ ಬಣ್ಣ ಎಲ್ಲಿದೆ? ಇದನ್ನು ಮುಟ್ಟಿದರೆ ಇನ್ನೇನು ಕೆಡುತ್ತದೆ? ಉತ್ತರದ ತುಂಡುಗಳು ಕೈಪಿಡಿಯಲ್ಲಿ ಇವೆ. ಜಿಬಫರ್ಸ್ ವಾಟರ್ ಅನ್ನುವ ಪ್ರೋಗ್ರಾಂ ನೀರನ್ನು ಬಿಡಿಸುತ್ತದೆ, ಜಿಬಫರ್ಸ್ ಟೆರೈನ್ ನೆಲವನ್ನು ಬಿಡಿಸುತ್ತದೆ, ಡಿಫರ್ಡ್ ಅನ್ನುವುದು ಗಾಜು ನೀರು ಬಿಡಿಸುವ ಮುಂಚೆ ಓಡುತ್ತದೆ, ಕಾಂಪೊಸಿಟ್ ಆಮೇಲೆ, ಕೊನೆಗೆ ಫೈನಲ್. ಈ ಸರದಿ ತಿಳಿದರೆ ಯಾರ ಪ್ಯಾಕ್ ಆದರೂ ಅರ್ಧ ಬಿಚ್ಚಿಕೊಂಡ ಹಾಗೆ. ಆದರೆ ತುಂಡುಗಳನ್ನು ತಿದ್ದುವವರ ದಾರಿಗೆ ತಕ್ಕಂತೆ ಪೋಣಿಸಿಕೊಳ್ಳುವ ಕೆಲಸ ಓದುಗರ ಪಾಲಿಗೆ ಉಳಿಯುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಪ್ಯಾಕ್‌ನ ಸೆಟ್ಟಿಂಗ್ಸ್ ತೆರೆಯಲ್ಲಿ ನಮ್ಮದೇ ಒಂದು ಆಯ್ಕೆ ಸೇರಿಸಬಹುದು. ಕೋಡ್‌ನಲ್ಲಿ ಒಂದು ಹೆಸರಿಗೆ ಬೆಲೆ ಕೊಡುವ ಡಿಫೈನ್ ಅಂತ ಒಂದು ಸಾಲು, ಪಕ್ಕದಲ್ಲಿ ಎರಡು ಓರೆ ಗೀಟು ಎಳೆದು ಚೌಕ ಕಂಸದೊಳಗೆ ಬೆಲೆಗಳು. ಅಷ್ಟಕ್ಕೇ ಆಟದಲ್ಲಿ ಗುಂಡಿ ಬರುತ್ತದೆ. ಪ್ಯಾಕ್‌ನೊಳಗೆ ಕೈಪಿಡಿಯ ವಿಳಾಸದ್ದೇ ಹೆಸರಿನ ಶೇಡರ್ಸ್ ಡಾಟ್ ಪ್ರಾಪರ್ಟೀಸ್ ಫೈಲ್ ಇರುತ್ತದೆ, ಅದರಲ್ಲಿ ಸ್ಲೈಡರ್ಸ್ ಸಾಲಿಗೆ ಅದರ ಹೆಸರು ಸೇರಿಸಿದರೆ ಗುಂಡಿ ಹೋಗಿ ಎಳೆಯುವ ಪಟ್ಟಿ ಆಗುತ್ತದೆ. ಆದರೆ ಹೌದು ಅಥವಾ ಇಲ್ಲ ಅನ್ನುವ ಬಗೆಯ ಆಯ್ಕೆಗೆ ಇನ್ನೊಂದು ಷರತ್ತಿದೆ. ಡಿಫೈನ್ ಸಾಲಿರುವ ಫೈಲ್‌ನಲ್ಲೇ ಇಫ್‌ಡೆಫ್ ಅಂತ, ಅಂದರೆ ಆ ಹೆಸರು ಇದ್ದರೆ ಮಾತ್ರ ಅನ್ನುವ ಸಾಲಿನಲ್ಲಿ, ಅದನ್ನು ಎಲ್ಲಾದರೂ ಬಳಸಿರಬೇಕು. ಬಳಸದಿದ್ದರೆ ಆಯ್ಕೆ ಕಾಣುವುದೇ ಇಲ್ಲ, ದೋಷ ಅಂತಲೂ ಬರುವುದಿಲ್ಲ. ಆಯ್ಕೆಗಳನ್ನೆಲ್ಲ ಒಂದು ಫೈಲ್‌ನಲ್ಲಿ ಒಟ್ಟು ಹಾಕಿ, ಬಳಸುವುದು ಬೇರೆ ಫೈಲ್‌ಗಳಲ್ಲಿ ಅಂತಿಟ್ಟುಕೊಂಡವರು ಇದಕ್ಕೆ ಮಾಡುವ ಉಪಾಯ ಏನೆಂದರೆ, ಡಿಫೈನ್ ಸಾಲಿನ ಕೆಳಗೇ ಒಂದು ಖಾಲಿ ಇಫ್‌ಡೆಫ್, ಅದರ ಕೆಳಗೆ ಅದನ್ನು ಮುಗಿಸುವ ಎಂಡಿಫ್ ಬರೆದು ಬಿಡುವುದು. ಬೇರೆಯವರ ಪ್ಯಾಕ್ ತಿದ್ದುವವರಿಗೆ ಈ ಖಾಲಿ ಸಾಲು ಸುಮ್ನೆ ಬಿದ್ದಿರುವ ಕಸದ ಹಾಗೆ ಕಾಣುತ್ತದೆ. ಅದನ್ನು ಅಳಿಸಬಾರದು ಅಂತ ದೊಡ್ಡದಾಗಿ, ಅವರ ಕಣ್ಣಿಗೆ ಬೀಳುವ ಜಾಗದಲ್ಲಿ ಯಾರಾದರೂ ಹೇಳಬೇಕು.

ಸಣ್ಣ ಅಕ್ಷರದ ವಿಷಯಗಳು ಇಂಥವು ಬಹಳ ಇವೆ. ಅಲೆ, ಗಾಳಿಗೆಲ್ಲ ಬಳಸುವ ಫ್ರೇಮ್‌ಟೈಮ್ ಕೌಂಟರ್ 3600 ಸೆಕೆಂಡ್ ಆದ ಮೇಲೆ ಸೊನ್ನೆಗೆ ಮರಳುತ್ತದೆ. ಆಳ ಹೇಳುವ ಡೆಪ್ತ್‌ಟೆಕ್ಸ್ ಮೂರಿವೆ. 0 ರಲ್ಲಿ ಎಲ್ಲವೂ, 1 ರಲ್ಲಿ ಗಾಜು ನೀರು ಇಲ್ಲ, 2 ರಲ್ಲಿ ಆಟಗಾರನ ಕೈಯೂ ಇಲ್ಲ. ಕೆರೆಯ ತಳ ಎಷ್ಟು ಆಳ ಅಂತ ತಿಳಿಯಬೇಕಾದರೆ 0 ಮತ್ತು 1 ಎರಡನ್ನೂ ಓದಿ ವ್ಯತ್ಯಾಸ ನೋಡಬೇಕು.

ಕೈಪಿಡಿ ಎಷ್ಟೇ ಚೆನ್ನಾಗಿದ್ದರೂ ಎಲ್ಲ ಅದರೊಳಗೇ ಇಲ್ಲ. ಟೆಕ್ಸ್ಚರ್, ಅಂದರೆ ಬ್ಲಾಕ್‌ಗಳ ಮೈಮೇಲಿನ ಚಿತ್ರ, ತಿದ್ದುವವರು ಶೇಡರ್‌ಲ್ಯಾಬ್ಸ್ ಬಳಗದ ವಿಕಿಗೂ ಹೋಗಲೇಬೇಕು. ಲ್ಯಾಬ್‌ಪಿಬಿಆರ್ ಅನ್ನುವ ನಿಯಮಾವಳಿ ಇರುವುದು ಅಲ್ಲಿ. ಪ್ರತಿ ಬ್ಲಾಕ್‌ನ ಚಿತ್ರದ ಜೊತೆ, ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಎಸ್ ಹಾಕಿ ಇನ್ನೊಂದು ಚಿತ್ರ ಇಡುತ್ತಾರೆ. ಅದರ ಕೆಂಪು, ಹಸಿರು, ನೀಲಿ ಬಣ್ಣಗಳು ಬಣ್ಣ ಅಲ್ಲ, ಗುಣ. ಕೆಂಪು ನಯ ಎಷ್ಟು ಅಂತ ಹೇಳುತ್ತದೆ. ಹಸಿರಿನಲ್ಲಿ 229 ರ ತನಕ ಸಾಮಾನ್ಯ ವಸ್ತುಗಳ ಪ್ರತಿಫಲನ, 230 ರಿಂದ ಲೋಹಗಳು: ಕಬ್ಬಿಣ 230, ಚಿನ್ನ 231, ತಾಮ್ರ 234, ಬೆಳ್ಳಿ 237. ಬಚ್ಚಲಿನ ಹಂಡೆಗೆ 234 ಕೊಟ್ಟೆ. ಒಲೆಯ ಬೆಳಕು ಅದರ ಹೊಟ್ಟೆಯ ಮೇಲೆ ಕೆಂಪಗೆ ಬಿದ್ದದ್ದು ನೋಡಿ ಅಕ್ಕನಿಗೂ ಖುಷಿ. ನೀಲಿಯಲ್ಲಿ 0 ರಿಂದ 64 ರ ತನಕ ವಸ್ತು ನೀರು ಎಷ್ಟು ಹೀರುತ್ತದೆ ಅನ್ನುವ ಲೆಕ್ಕ, 65 ರಿಂದ ಮೇಲೆ ಬೆಳಕು ವಸ್ತುವಿನೊಳಗೆ ಎಷ್ಟು ಹಾಯುತ್ತದೆ ಅನ್ನುವುದು. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೀರು ಹೀರಿ ಕಪ್ಪಾಗುತ್ತದೆ. ಕಂಬದ ಕರಿಕಲ್ಲು ಹೀರುವುದಿಲ್ಲ, ಒದ್ದೆಯಾದರೆ ಹೊಳೆಯುತ್ತದೆ. ಒಂದಕ್ಕೆ 60 ರ ಆಸುಪಾಸು, ಇನ್ನೊಂದಕ್ಕೆ 0. ಒಂದೇ ಮಳೆಗೆ ಎರಡು ಕಲ್ಲು ಎರಡು ರೀತಿ ಕಂಡವು. ನೀವು ಬಳಸುವ ಪ್ಯಾಕ್ ಲ್ಯಾಬ್‌ಪಿಬಿಆರ್‌ನ ಈ ಭಾಗವನ್ನು ಓದುತ್ತದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ, ಎಲ್ಲವೂ ಓದುವುದಿಲ್ಲ. ಇನ್ನೊಂದು, ಉಬ್ಬು ತಗ್ಗು ಹೇಳುವ ಅಂಡರ್‌ಸ್ಕೋರ್ ಎನ್ ಚಿತ್ರ ಡೈರೆಕ್ಟ್‌ಎಕ್ಸ್ ಪದ್ಧತಿಯಲ್ಲಿ ಇರಬೇಕು. ನಿಮ್ಮ ಸಾಫ್ಟ್‌ವೇರ್ ಓಪನ್‌ಜಿಎಲ್ ಪದ್ಧತಿಯಲ್ಲಿ ಕೊಟ್ಟರೆ ಹಸಿರು ಬಣ್ಣವನ್ನು ತಿರುಗಿಸಿ ಹಾಕಿ.

ಜಾಗ ಅಳೆಯುವ ಒಂದೊಂದು ಲೆಕ್ಕಕ್ಕೂ ಸ್ಪೇಸ್ ಅನ್ನುತ್ತಾರೆ. ಅದೇ ವಿಕಿಯಲ್ಲಿ ಒಂದು ಸ್ಪೇಸ್‌ನಿಂದ ಇನ್ನೊಂದು ಸ್ಪೇಸ್‌ಗೆ ಹೋಗುವುದು ಹೇಗೆ ಅಂತ ತೋರಿಸುವ ವಿವರಣೆಯೂ ಇದೆ. ಕ್ಯಾಮೆರಾದ ಲೆಕ್ಕ, ಆಟಗಾರನ ಲೆಕ್ಕ, ಲೋಕದ ಲೆಕ್ಕ, ತೆರೆಯ ಲೆಕ್ಕ, ಒಂದರಿಂದ ಇನ್ನೊಂದಕ್ಕೆ ಯಾವ ಮ್ಯಾಟ್ರಿಕ್ಸ್‌ನಿಂದ ಗುಣಿಸಬೇಕು ಅಂತ. ನೆರಳು, ಪ್ರತಿಬಿಂಬ ತಿದ್ದುವವರು ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಹೀಗೆ ಹಂಚಿಹೋಗಿರುವುದೇ ನನಗೆ ನಿಜವಾಗಿ ಕಾಡುವ ಸಂಗತಿ. ನಿಯಮ ಒಂದು ಕಡೆ, ವಿವರಣೆ ಇನ್ನೊಂದು ಕಡೆ. ಇನ್ನೂ ಎಷ್ಟೋ ತಿಳಿವಳಿಕೆ ಚಾಟ್ ಗುಂಪುಗಳಲ್ಲಿ ಹರಿದು ಹೋಗುತ್ತಿದೆ. ಯಾರೋ ಒಬ್ಬರು ಪುಣ್ಯಾತ್ಮರು ರಾತ್ರಿ ಕೂತು ಹೊಸಬರಿಗೆ ಬಿಡಿಸಿ ಹೇಳಿರುತ್ತಾರೆ. ವಾರ ಕಳೆದರೆ ಅದು ಸಾವಿರ ಸಂದೇಶಗಳ ಕೆಳಗೆ. ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅದೇ ಮಂದಿ ಮತ್ತೆ ಹೇಳುತ್ತಾರೆ, ಒಂದು ದಿನ ಬೇಸತ್ತು ಬಿಡುತ್ತಾರೆ. ಅದನ್ನು ಎತ್ತಿ ಪುಟ ಮಾಡುವವರು ಬೇಕು. ಐರಿಸ್ ಕೈಪಿಡಿಯ ಮೂಲ ಗಿಟ್‌ಹಬ್‌ನಲ್ಲಿ ತೆರೆದೇ ಇದೆ, ಬರೆಯುವುದು ಮಾರ್ಕ್‌ಡೌನ್ ಅನ್ನುವ ಸರಳ ಬರಹದ ಪದ್ಧತಿಯಲ್ಲಿ. ಶೇಡರ್ ಬರೆಯಲು ಬಾರದವರೂ ಈ ಕೆಲಸ ಮಾಡಬಹುದು. ಕೇಳುವ ತಾಳ್ಮೆ, ನೇರವಾಗಿ ಬರೆಯುವ ಅಭ್ಯಾಸ ಇದ್ದರೆ ಸಾಕು.

ಕನ್ನಡದವರಿಗೆ ಇನ್ನೊಂದು ವಿಷಯ. ಮೈನ್‌ಕ್ರಾಫ್ಟ್ ಜಾವಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಅದರ ಗುರುತು ಕೆಎನ್ ಅಂಡರ್‌ಸ್ಕೋರ್ ಐಎನ್. ಶೇಡರ್ ಪ್ಯಾಕ್‌ನ ಲ್ಯಾಂಗ್ ಫೋಲ್ಡರ್‌ನಲ್ಲಿ ಇದೇ ಹೆಸರಿನ ಫೈಲ್ ಇಟ್ಟರೆ ಸೆಟ್ಟಿಂಗ್ಸ್ ತೆರೆಯ ಆಯ್ಕೆಗಳು ಕನ್ನಡದಲ್ಲಿ ಬರುತ್ತವೆ. ಆಯ್ಕೆಯ ಹೆಸರಿಗೆ ಒಂದು ಸಾಲು, ವಿವರಣೆಗೆ ಒಂದು ಸಾಲು, ಬೆಲೆಗಳಿಗೂ ಬೇಕಾದರೆ ಸಾಲು. ಕೋಡ್ ಮುಟ್ಟುವ ಅಗತ್ಯವೇ ಇಲ್ಲ. ಆಟದೊಳಗೆ ಒತ್ತಕ್ಷರಗಳು ಸರಿಯಾಗಿ ಕೂರುವುದಿಲ್ಲ, ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕೆ ಒತ್ತಿಲ್ಲದ ಪದಗಳನ್ನೇ ಆರಿಸಿದೆ. ಬಿಸಿಲಿನ ಓರೆ, ನೆರಳಿನ ದೂರ, ಹಸಿ ನೆಲ, ಒಣಗುವ ವೇಗ, ನೀರಿನ ಅಲೆ. ಹುಡುಕಿದರೆ ಬೇಕಾದಷ್ಟು ಪದ ಸಿಗುತ್ತವೆ. ನಮ್ಮ ಹುಡುಗ ಈಗ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಒಣಗುವ ವೇಗ" ಎಷ್ಟಿಡಬೇಕು ಅಂತ ಕೇಳುತ್ತಾನೆ. ಅಜ್ಜ ಇನ್ನೂ ನಿಧಾನ ಮಾಡು ಅನ್ನುತ್ತಾರೆ.

ಶುರು ಮಾಡುವವರಿಗೆ ನನ್ನ ಸಲಹೆ. ಪ್ಯಾಕ್‌ನ ಒಂದು ಪ್ರತಿ ಮಾಡಿಕೊಳ್ಳಿ, ಜಿಪ್ ಬಿಚ್ಚಿ ಫೋಲ್ಡರ್ ಆಗಿಯೇ ಶೇಡರ್‌ಪ್ಯಾಕ್ಸ್ ಒಳಗೆ ಇಡಿ. ಐರಿಸ್‌ನ ಪ್ಯಾಕ್ ಆರಿಸುವ ತೆರೆಯಲ್ಲಿ ಕಂಟ್ರೋಲ್ ಡಿ ಒತ್ತಿ ಡೀಬಗ್ ಸ್ಥಿತಿಗೆ ಹೋಗಿ, ದೋಷಗಳ ವಿವರ ಜಾಸ್ತಿ ಸಿಗುತ್ತದೆ. ಕೈಪಿಡಿಯ ಮೊದಲ ಪಾಠವನ್ನು, ನಿಮಗೆ ಪ್ಯಾಕ್ ಬರೆಯುವ ಮನಸ್ಸಿಲ್ಲದಿದ್ದರೂ, ಒಮ್ಮೆ ಕೈಯಾರೆ ಮಾಡಿ. ಆಮೇಲೆ ಯಾರ ಕೋಡ್ ತೆರೆದರೂ ಗಾಬರಿ ಆಗುವುದಿಲ್ಲ. ತಿದ್ದಿದ್ದನ್ನು ಬೇರೆಯವರಿಗೆ ಕೊಡುವ ಮುಂಚೆ ಆ ಪ್ಯಾಕ್‌ನ ಲೈಸೆನ್ಸ್ ಓದಿ. ಸ್ವಂತಕ್ಕೆ ತಿದ್ದಿಕೊಳ್ಳಲು ಬಿಟ್ಟು, ಹಂಚಲು ಬಿಡದ ಪ್ಯಾಕ್‌ಗಳು ಇವೆ.

ಕೈಪಿಡಿಗೆ ನಾನು ಕೊಡುವುದು ಐದರಲ್ಲಿ ನಾಲ್ಕೂವರೆ. ಉಳಿದ ಅರ್ಧ, ಸಿದ್ಧ ಪ್ಯಾಕ್ ತಿದ್ದುವವರಿಗೆ ಅಂತಲೇ ಒಂದು ವಿಭಾಗ ಬಂದ ದಿನ. ಅದರ ಕರಡು ಬರೆಯಲು ಕೂತಿದ್ದೇನೆ. ಮೊದಲ ಪುಟ ಆ ಖಾಲಿ ಇಫ್‌ಡೆಫ್ ಬಗ್ಗೆ.